ಗಣಿ ಬದುಕಿನ ಚಿತ್ರಗಳನ್ನು ಮೊದಲು ಎಲ್ಲಿ ತೋರಿಸಲಿ, ಬೆಂಗಳೂರಲ್ಲೋ ಕೆಜಿಎಫ್‌ನಲ್ಲೋ?

ಮಾರಿಕುಪ್ಪಂ_ಹುಡುಗ:
ನಾನು ಬೆಳೆದದ್ದು ಚಿನ್ನದ ಗಣಿಯ ಊರು ಕೆಜಿಎಫ್‌ನ ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲು ಮನೆಯಲ್ಲಿ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡುತ್ತಿದ್ದರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ. ಮೂರು ವರ್ಷದಿಂದ ಆ ಬದುಕನ್ನೇ ಇದ್ದಿಲಲ್ಲಿ ಬರೆಯುತ್ತಿದ್ದೇನೆ. 22 ಚಿತ್ರ ಆಗಿವೆ. ಬೆಂಗಳೂರಿನ ಒಂದು ಗ್ಯಾಲರಿಯವರು ಜಾಗ ಕೊಡುತ್ತೇವೆ ಅಂದರು, ಆದರೆ ಚಿತ್ರ ನೋಡಿ "ಚಿನ್ನ ಎಲ್ಲೂ ಕಾಣ್ತಿಲ್ಲವಲ್ಲ" ಅಂತ ಕೇಳಿದರು. ನಮ್ಮ ಮನೆಯಲ್ಲಿ ಚಿನ್ನ ಅಂತ ಇದ್ದದ್ದು ಅಮ್ಮನ ತಾಳಿ ಮಾತ್ರ. ಒಂದೆರಡು ಚಿನ್ನದ ಚಿತ್ರ ಸೇರಿಸಲಾ? ಮೊದಲು ಊರಲ್ಲೇ ತೋರಿಸಿದರೆ ಯಾರಾದರೂ ಬರುತ್ತಾರಾ?

ಇದ್ದಿಲು_ಕೈ:
ಸೇರಿಸಬೇಡಿ. ಕಲಾವಿದ ಪ್ರಭಾಕರ್ ಪಾಚ್‌ಪುತೆ ಅವರ ಕೆಲಸ ನೋಡಿದ್ದೀರಾ? ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಕಲ್ಲಿದ್ದಲು ಗಣಿ ಊರಿನವರು, ಮನೆಯವರೂ ಗಣಿಯಲ್ಲಿ ದುಡಿದವರೇ. ಅವರೂ ಇದ್ದಿಲು ಹಿಡಿದು ನೇರ ಗೋಡೆ ಮೇಲೆ ಬರೆಯುತ್ತಾರೆ. 2012ರಲ್ಲಿ ಮುಂಬೈನಲ್ಲಿ ಪ್ರದರ್ಶನ ಮಾಡಿದರು, ಆಮೇಲೆ ವೆನಿಸ್‌ನ ದೊಡ್ಡ ಕಲಾ ಪ್ರದರ್ಶನದ ತನಕ ಹೋದರು. ತಮ್ಮ ಊರಿನ ವಿಷಯ ಬಿಟ್ಟುಕೊಡದೇ ಹೋದರು, ಅದು ಮುಖ್ಯ.

ಊರ್ಗಾಂ_ಅಕ್ಕ:
ತಮ್ಮಾ, ಮೊದಲು ಊರಲ್ಲೇ ಇಡು. ಏರ್‌ಬ್ಲಾಸ್ಟ್ ಬರೆದಿದ್ದೀಯಾ? ಭೂಮಿಯೊಳಗೆ ಬಂಡೆ ಸಿಡಿದರೆ ನಮ್ಮ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಗಡಗಡ ಅಂತ ಅಲ್ಲಾಡುತ್ತಿದ್ದವು. ಅಮ್ಮ ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟ್ ಕಡೆ ಓಡುತ್ತಿದ್ದರು, ಲೈನಿನ ಹೆಂಗಸರೆಲ್ಲ ಓಡುತ್ತಿದ್ದರು, ಕೆಲಸದವರನ್ನು ಹೊತ್ತ ಕೇಜ್ (ಲಿಫ್ಟ್) ಮೇಲೆ ಬರುವ ತನಕ ಒಬ್ಬರೂ ಮಾತಾಡುತ್ತಿರಲಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ಗುಡ್ಡದ ಬಿಳಿ ಧೂಳನ್ನೂ ಮರೆಯಬೇಡ. ಗಾಳಿ ಎದ್ದರೆ ಒಗೆದು ಹಾಕಿದ ಸೀರೆಯನ್ನು ಮತ್ತೆ ಒಗೆಯಬೇಕಿತ್ತು. ಇನ್ನೊಂದು, ಚಿತ್ರದ ಕೆಳಗಿನ ಬರಹ ಕನ್ನಡದ ಜೊತೆ ತಮಿಳಲ್ಲೂ ಇರಲಿ. ಅಂಡರ್‌ಗ್ರೌಂಡ್ ಇಳಿದವರಲ್ಲಿ ತಮಿಳಿನವರೇ ಜಾಸ್ತಿ ಅಲ್ವಾ.

ಬೆಳಗಿನ_ರೈಲು:
ಜನ ಬರುತ್ತಾರೆ, ಆದರೆ ಭಾನುವಾರ ಇಡಿ. ನಮ್ಮಂಥವರು ಕತ್ತಲಲ್ಲೇ ಬೆಂಗಳೂರಿನ ರೈಲು ಹತ್ತಿ, ಕತ್ತಲಾದ ಮೇಲೆ ವಾಪಸ್ ಬರುವುದು. ವಾರದ ದಿನ ಇಟ್ಟರೆ ಊರಲ್ಲಿ ಸಿಗುವವರು ವಯಸ್ಸಾದವರು, ಮಕ್ಕಳು ಅಷ್ಟೇ. ಮೆಟ್ಟಿಲು ಇಲ್ಲದ ಜಾಗ ನೋಡಿ. ಧೂಳು ಕುಡಿದ ಎದೆಗಳು, ಹತ್ತಲಿಕ್ಕೆ ಆಗಲ್ಲ.

ಮಾರಿಕುಪ್ಪಂ_ಹುಡುಗ:
ಅಕ್ಕಾ, ಓಡುವ ಹೆಂಗಸರನ್ನು ನಾನು ಬರೆದೇ ಇಲ್ಲ. 22 ಚಿತ್ರದಲ್ಲೂ ಗಂಡಸರೇ. ಇವತ್ತು ರಾತ್ರಿ ಶುರು ಮಾಡುತ್ತೇನೆ. ಮೆಟ್ಟಿಲಿಲ್ಲದ ಹಾಲ್ ಗೊತ್ತಿದ್ದರೆ ಯಾರಾದರೂ ಹೇಳಿ.