ಸೈಕಲ್ ಟ್ಯೂಬಿಗೆ ಯಾವ ಪಂಕ್ಚರ್ ಕಿಟ್ ಕೊಳ್ಳಬೇಕು?

ಕೇಳಿದವರು, ಯಲಹಂಕ:

700×35ಸಿ ಟೈರಿನ ಹೈಬ್ರಿಡ್ ಸೈಕಲ್ಲಿನಲ್ಲಿ ವಾರವೆಲ್ಲ ಕಚೇರಿಗೂ ಭಾನುವಾರ ನಂದಿಬೆಟ್ಟದ ಕಡೆಗೂ ಹೋಗಿಬರುತ್ತೇನೆ. ಕಳೆದ ಭಾನುವಾರ ಬೆಳಗಿನ ಐದೂವರೆಗೆ, ದೇವನಹಳ್ಳಿ ದಾಟಿದ ಮೇಲೆ, ಹಿಂದಿನ ಚಕ್ರ ಪಂಕ್ಚರ್ ಆಯಿತು. ಸುತ್ತಮುತ್ತ ಒಂದು ಅಂಗಡಿಯೂ ತೆರೆದಿರಲಿಲ್ಲ. ಎರಡು ವರ್ಷದಿಂದ ಸೀಟಿನ ಕೆಳಗಿನ ಚೀಲದಲ್ಲಿದ್ದ ಕಿಟ್ ತೆಗೆದು ಸೊಲ್ಯೂಷನ್ ಟ್ಯೂಬನ್ನು ಹಿಂಡಿದರೆ ಒಂದು ಹನಿಯೂ ಬರಲಿಲ್ಲ, ಪೂರ್ತಿ ಒಣಗಿಹೋಗಿತ್ತು. ಈಗ ಹೊಸ ಕಿಟ್ ಕೊಳ್ಳಬೇಕಾಗಿದೆ. ಸೊಲ್ಯೂಷನ್ ಹಚ್ಚಿ ಅಂಟಿಸುವ ಪ್ಯಾಚು ಒಳ್ಳೆಯದೋ, ಕಾಗದ ಸುಲಿದು ನೇರವಾಗಿ ಅಂಟಿಸುವ ಸ್ಟಿಕ್ಕರ್ ಪ್ಯಾಚೋ? ಬಳಸಿದವರು ದಯವಿಟ್ಟು ತಿಳಿಸಬೇಕು.

ಜಯನಗರದಿಂದ:

ಕನಕಪುರ ರಸ್ತೆಯಲ್ಲಿ ನನಗೂ ಇದೇ ಆಗಿತ್ತು, ಸೈಕಲ್ಲನ್ನು ಆಟೋದ ಹಿಂದಿನ ಸೀಟಿಗೆ ತುರುಕಿ ಮನೆಗೆ ಬಂದೆ. ಸೊಲ್ಯೂಷನ್ನಿನಲ್ಲಿರುವ ದ್ರಾವಕ ಬಹುಬೇಗ ಆವಿಯಾಗುವಂಥದ್ದಾದ್ದರಿಂದ, ಒಮ್ಮೆ ಸೀಲು ಒಡೆದ ಟ್ಯೂಬಿನ ಮುಚ್ಚಳವನ್ನು ಎಷ್ಟು ಬಿಗಿ ಮಾಡಿದರೂ ಕೆಲವು ತಿಂಗಳಲ್ಲಿ ಅದು ಗಟ್ಟಿಯಾಗುತ್ತದೆ. ಹೀಗಾಗಿ ಕಿಟ್ ಆರಿಸುವಾಗ ನಾನು ಪ್ಯಾಚು ಎಷ್ಟಿವೆ ಎಂದು ಎಣಿಸುವುದಿಲ್ಲ, ಸೊಲ್ಯೂಷನ್ನಿನ ಸಣ್ಣ ಟ್ಯೂಬುಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸುತ್ತೇನೆ. ಸೀಲು ಒಡೆದದ್ದು ಮನೆಯಲ್ಲಿರುತ್ತದೆ, ಒಡೆಯದ್ದು ಚೀಲದಲ್ಲಿರುತ್ತದೆ.

ನಾನು ಬಳಸುವುದು ಜರ್ಮನಿಯ ರೆಮಾ ಟಿಪ್ ಟಾಪ್ ಪ್ಯಾಚು. ನಡುವೆ ಕಪ್ಪಾಗಿ ಸುತ್ತ ಕಿತ್ತಳೆ ಬಣ್ಣದ ಅಂಚಿರುವ ಈ ಪ್ಯಾಚು ಅಂಚಿಗೆ ಬರಬರುತ್ತಾ ಕಾಗದದಷ್ಟು ತೆಳುವಾಗುವುದರಿಂದ, ಟ್ಯೂಬು ಹಿಗ್ಗಿದಾಗ ತಾನೂ ಹಿಗ್ಗುತ್ತದೆ, ಅಂಚು ಏಳುವುದಿಲ್ಲ. ಬೇರೆ ಕಂಪನಿಯವರದ್ದಾದರೂ ಅಂಚು ಹೀಗೆ ತೆಳುವಾಗಿರಲಿ. ಈ ಬಗೆಯ ಕಿಟ್ಟಿನ ಸೊಲ್ಯೂಷನ್ ಬರಿಯ ಅಂಟಲ್ಲ, ಪ್ಯಾಚಿನ ಅಡಿಯ ಪದರದೊಡನೆ ಸೇರಿ ರಬ್ಬರನ್ನು ಬೆಸೆಯುವ ವಲ್ಕನೈಸಿಂಗ್ ದ್ರವ. ಆದ್ದರಿಂದ ಒಂದು ಕಿಟ್ಟಿನ ಪ್ಯಾಚಿಗೆ ಎಲ್ಲಿಯದೋ ಗೋಂದು ಹಚ್ಚಿ, ಪ್ಯಾಚು ನಿಲ್ಲಲಿಲ್ಲವೆಂದು ಬೈಯುವುದು ಸರಿಯಲ್ಲ.

ನಿಜ ಹೇಳಬೇಕೆಂದರೆ ಹೆಚ್ಚಿನ ಪ್ಯಾಚುಗಳು ಕೆಡುವುದು ನಮ್ಮ ಅವಸರದಿಂದ. ಟ್ಯೂಬಿನ ಮೇಲೆ ಅಚ್ಚಿನಿಂದ ಉಳಿದ ಸಣ್ಣ ಏಣು ಉದ್ದಕ್ಕೂ ಓಡುತ್ತದೆ. ತೂತು ಅದರ ಹತ್ತಿರವಿದ್ದರೆ ಉಪ್ಪುಕಾಗದದಿಂದ ಅದನ್ನು ಪೂರ್ತಿ ಸವೆಸಬೇಕು, ಇಲ್ಲವಾದರೆ ಆ ಏಣಿನ ಪಕ್ಕದಿಂದಲೇ ಗಾಳಿ ಜಿನುಗುತ್ತದೆ. ಹೊಳಪು ಹೋಗಿ ಟ್ಯೂಬು ಮಾಸಲು ಕಪ್ಪಾಗುವವರೆಗೆ ಉಜ್ಜಿ, ಪ್ಯಾಚಿಗಿಂತ ತುಸು ಅಗಲಕ್ಕೆ ಸೊಲ್ಯೂಷನ್ನನ್ನು ತೆಳುವಾಗಿ ಹಚ್ಚಿ, ಐದು ನಿಮಿಷ ಸುಮ್ಮನಿರಬೇಕು. ಬಾಯಿಂದ ಊದಿ ಒಣಗಿಸಬಾರದು, ಉಸಿರಿನ ತೇವ ಕೂರುತ್ತದೆ. ಹಚ್ಚಿದ್ದು ಹಸಿಯಾಗಿ ಮಿನುಗುವುದು ನಿಂತ ಮೇಲೆ ಪ್ಯಾಚಿಟ್ಟು, ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಮೇಲಿನ ತೆಳು ಹಾಳೆಯನ್ನು ಕೀಳಲು ಹೋಗಿ ಪ್ಯಾಚಿನ ಅಂಚನ್ನೇ ಎಬ್ಬಿಸಿಕೊಳ್ಳಬೇಡಿ, ಅದು ಹಾಗೆಯೇ ಇರಲಿ.

ಸ್ಟಿಕ್ಕರ್ ಪ್ಯಾಚನ್ನೂ ನಾನು ತಳ್ಳಿಹಾಕುವುದಿಲ್ಲ. ಪಾರ್ಕ್ ಟೂಲ್ ಕಂಪನಿಯ ಜಿಪಿ-2 ಡಬ್ಬಿಯಲ್ಲಿ ಆರು ಪ್ಯಾಚು, ಒಂದು ತುಂಡು ಉಪ್ಪುಕಾಗದ ಇರುತ್ತವೆ. ಒಣಗಿಹೋಗುವ ಸೊಲ್ಯೂಷನ್ನಿನ ಚಿಂತೆ ಇಲ್ಲ. ಆದರೆ ಅಂಟಿಸಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ಟ್ಯೂಬನ್ನು ಹೊರಗೇ ಊದಿಸಬಾರದು, ಹಿಗ್ಗಿದ ಕೂಡಲೇ ಅಂಚು ಬಿಡುತ್ತದೆ. ಟೈರಿನೊಳಗೆ ಸೇರಿಸಿದ ಮೇಲೆಯೇ ಗಾಳಿ ತುಂಬಬೇಕು. ನನ್ನ ಟ್ಯೂಬಿನಲ್ಲಿ ಇಂಥ ಒಂದು ಪ್ಯಾಚು ಮೂರು ವಾರ ಚೆನ್ನಾಗಿದ್ದು, ಏಪ್ರಿಲ್ ಬಿಸಿಲಿನಲ್ಲಿ ಜಾರಿತು. ಮನೆ ಮುಟ್ಟುವುದಕ್ಕೆ ಅದು ಸಾಕು, ಅಷ್ಟೇ.

ತುರಹಳ್ಳಿಯ ಹತ್ತಿರದಿಂದ:

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿನ ಕಾಡುದಾರಿಯಲ್ಲಿ ಜಾಲಿಮುಳ್ಳು, ಹೆದ್ದಾರಿಯ ಅಂಚಿನಲ್ಲಿ ಲಾರಿ ಟೈರಿನಿಂದ ಉದುರಿದ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಎರಡೂ ಟೈರಿನಲ್ಲಿಯೇ ಉಳಿದಿದ್ದು ಹೊಸ ಟ್ಯೂಬನ್ನೂ ಚುಚ್ಚುತ್ತವೆ. ಟೈರಿನ ಒಳಮೈಯನ್ನು ಬೆರಳಿನಿಂದ ತಡಕುವ ಬದಲು ಒಂದು ತುಂಡು ಬಟ್ಟೆ ಎಳೆದುನೋಡಿ, ಸಿಕ್ಕಿಕೊಂಡ ಕಡೆ ತಂತಿ ಇರುತ್ತದೆ. ಕಿಟ್ಟಿನಲ್ಲಿ ಚಿಮಟ ಇರುವುದಿಲ್ಲ, ಹುಬ್ಬು ಕೀಳುವ ಚಿಮಟವೊಂದನ್ನು ನೀವೇ ಸೇರಿಸಿಕೊಳ್ಳಿ. ಪಕ್ಕಪಕ್ಕದಲ್ಲಿ ಹಾವು ಕಚ್ಚಿದಂತೆ ಎರಡು ತೂತು ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆಯಿದ್ದು, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಒಡೆದದ್ದು.

ಚಾಮರಾಜಪೇಟೆಯಿಂದ:

ನಮ್ಮ ತಂದೆಯವರದು ಸೈಕಲ್ ಷಾಪು. ಹಳೆಯ ಟ್ಯೂಬನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಅದನ್ನೇ ಪ್ಯಾಚಾಗಿ ಹಾಕುತ್ತಿದ್ದರು. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ ಎನ್ನುತ್ತಿದ್ದರು. ಕಚೇರಿಗೆ ಹೋಗಿಬರುವ ಸೈಕಲ್ಲಿಗೆ ಇಂದಿಗೂ ಅದು ನಡೆಯುತ್ತದೆ. ಆದರೆ ಈಚೆಗೆ ಬಂದಿರುವ ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬಿಗೆ ರಬ್ಬರಿನ ಸೊಲ್ಯೂಷನ್ ಹಿಡಿಯುವುದಿಲ್ಲ, ಅದಕ್ಕೆ ಅದರದ್ದೇ ಪ್ಯಾಚು ಬೇಕು. ನಿಮ್ಮದು ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬೇ ಎಂದು ಮೊದಲು ನೋಡಿಕೊಳ್ಳಿ.

ಕೇಳಿದವರು:

ನನ್ನದು ಬ್ಯುಟೈಲ್ ಟ್ಯೂಬೇ. ಮಳೆಯಲ್ಲಿ ನಿಂತು ಇಷ್ಟೆಲ್ಲ ಮಾಡುವುದು ಸಾಧ್ಯವೇ? ವಾಲ್ವಿನ ಬುಡದಲ್ಲಿ ಹರಿದರೆ ಏನು ಮಾಡಬೇಕು?

ಜಯನಗರದಿಂದ:

ಒದ್ದೆ ಟ್ಯೂಬಿಗೆ ಯಾವ ಪ್ಯಾಚೂ ಕೂರುವುದಿಲ್ಲ, ವಾಲ್ವಿನ ಬುಡ ಹರಿದರೂ ಅಷ್ಟೇ. ಆದ್ದರಿಂದ ಒಂದು ಬಿಡಿ ಟ್ಯೂಬು, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಎರಡು ಟೈರ್ ಲಿವರ್, ಒಂದು ಕೈಪಂಪು ಮೊದಲು ಕೊಳ್ಳಿ, ಕಿಟ್ ಆಮೇಲೆ. ರಸ್ತೆಯಲ್ಲಿ ಟ್ಯೂಬು ಬದಲಿಸಿ, ತೂತಾದದ್ದನ್ನು ಮನೆಗೆ ತಂದು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ಪ್ಯಾಚು ಹಾಕಿ. ಪ್ಯಾಚು ಒಂದು ಬಗೆಯದೇ ಸಾಲದು: ಒಂದೇ ಸವಾರಿಯಲ್ಲಿ ಎರಡನೆಯ ಪಂಕ್ಚರ್ ಆದರೆ ಸ್ಟಿಕ್ಕರ್, ಮನೆಗೆ ಸೊಲ್ಯೂಷನ್. ಬಿಡಿ ಟ್ಯೂಬು ಕೊಳ್ಳುವಾಗ ನಿಮ್ಮ ರಿಮ್ಮಿನ ತೂತಿಗೆ ತೆಳುವಾದ ಪ್ರೆಸ್ಟಾ ವಾಲ್ವು ಬೇಕೋ, ಕಾರಿನ ಟೈರಿಗಿರುವಂಥ ದಪ್ಪನೆಯ ಷ್ರೇಡರ್ ವಾಲ್ವು ಬೇಕೋ ಎಂದು ಹಳೆಯ ಟ್ಯೂಬನ್ನು ಅಂಗಡಿಗೆ ಕೊಂಡೊಯ್ದು ತೋರಿಸಿ. ವಾಲ್ವು ಹರಿದ ಟ್ಯೂಬನ್ನು ಎಸೆಯದೆ ಉದ್ದುದ್ದ ಪಟ್ಟಿಗಳಾಗಿ ಸೀಳಿಡಿ. ಪಂಪನ್ನು ಫ್ರೇಮಿಗೆ ಬಿಗಿಯಲು ಅದಕ್ಕಿಂತ ಗಟ್ಟಿಯಾದ ದಾರ ಸಿಗುವುದಿಲ್ಲ.