ಅತ್ತೆ–ಮಾವನಿಗೆ ಕೊರಿಯನ್ ಊಟ: ಸಿಯೋಲ್ ಕಡೆ ಇದ್ದವರು ಹೇಳಿ

ಪ್ರಶ್ನೆ: ನಾವಿರುವುದು ದಕ್ಷಿಣ ಕೊರಿಯಾದಲ್ಲಿ, ಸಿಯೋಲ್ ಹತ್ತಿರದ ಸುವಾನ್‌ನಲ್ಲಿ. ಮುಂದಿನ ತಿಂಗಳು ಊರಿಂದ ಅತ್ತೆ, ಮಾವ ಬರುತ್ತಿದ್ದಾರೆ. ಮಾವ ಕೋಳಿ ತಿನ್ನುತ್ತಾರೆ, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಲ್ಲಿನ ಊಟದ ರುಚಿ ನೋಡಬೇಕು ಅಂತ ಇಬ್ಬರಿಗೂ ಆಸೆ. ಎಲ್ಲಿಗೆ ಕರೆದುಕೊಂಡು ಹೋಗಲಿ?

ಉತ್ತರ 1: ಧಾರಾಳವಾಗಿ ಹೋಗಿ. ಆದರೆ ತಟ್ಟೆಯಲ್ಲಿ ಮಾಂಸ ಕಾಣಲಿಲ್ಲ ಅಂತ ಅತ್ತೆಗೆ ಬಡಿಸಿಬಿಡಬೇಡಿ. ಕಿಮ್ಚಿ ನೋಡೋಕೆ ಬರೀ ಎಲೆಕೋಸು. ಹೆಚ್ಚಿನ ಕಡೆ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಸೇರಿರುತ್ತದೆ. ದ್ವೆನ್‌ಜಾಂಗ್ ಜಿಗೆ ಸೋಯಾದ ಸಾರು ಹೌದು, ಆದರೆ ಆ ನೀರನ್ನು ಸಾಮಾನ್ಯವಾಗಿ ಒಣಮೀನು ಹಾಕಿ ಕುದಿಸಿರುತ್ತಾರೆ. ಅಕ್ಕಿ ಕಡುಬಿನ ತುಂಡುಗಳನ್ನು ಖಾರದ ರಸದಲ್ಲಿ ಬೇಯಿಸುವ ತೊಕ್‌ಬೊಕ್ಕಿಯದೂ ಅದೇ ಕಥೆ. ಮಾಮೂಲಿ ಹೋಟೆಲಲ್ಲಿ ಸ್ವಲ್ಪ ನೆಮ್ಮದಿ ಅಂದ್ರೆ ಬಿಬಿಂಬಾಪ್, ಅಂದರೆ ತರಕಾರಿ ಸೇರಿಸಿ ಕಲಸಿಕೊಂಡು ತಿನ್ನುವ ಅನ್ನ. ‘ಗೋಗಿ, ಗ್ಯೆರಾನ್ ಪೆ ಜುಸೆಯೊ’ ಅಂದರೆ ಮಾಂಸ, ಮೊಟ್ಟೆ ಬಿಟ್ಟು ಕೊಡುತ್ತಾರೆ. ಅದಕ್ಕೆ ಕಲಸುವ ಕೆಂಪು ಮೆಣಸಿನ ಪೇಸ್ಟ್ ಗೊಚುಜಾಂಗ್‌ಗೆ ಕೆಲವರು ಮಾಂಸ ಹಾಕಿ ಹುರಿದಿರುತ್ತಾರೆ, ಅದನ್ನೂ ಕೇಳಿಕೊಳ್ಳಿ. ಜೊತೆಗೆ ಬರುವ ಸಾರನ್ನು ನೀವೇ ಕುಡಿದುಬಿಡಿ.

ನನ್ನನ್ನು ಕೇಳಿದರೆ ಅತ್ತೆಗೆ ಬೌದ್ಧ ದೇವಾಲಯದ ಊಟವೇ ಸರಿ. ಸಿಯೋಲ್‌ನ ಜೋಗ್ಯೆಸಾ ದೇವಾಲಯದ ಎದುರಿಗೇ ಬಾಲ್‌ವೂ ಗೊಂಗ್ಯಾಂಗ್ ಅನ್ನೋ ಹೋಟೆಲ್ ಇದೆ, ಬೌದ್ಧರ ಜೋಗ್ಯೆ ಪಂಥದವರೇ ನಡೆಸುತ್ತಾರೆ. ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಏಕಾದಶಿ, ವ್ರತ ಅಂತ ಈರುಳ್ಳಿ ಬಿಡುವವರಿಗೆ ಇದಕ್ಕಿಂತ ಏನು ಬೇಕು? ಮೊದಲೇ ಬುಕ್ ಮಾಡಿ. ಅಗ್ಗ ಅಲ್ಲ.

ಉತ್ತರ 2: ಬೇಸಿಗೆಯಲ್ಲಿ ಬಂದರೆ ಕೊಂಗುಕ್ಸು ಕೊಡಿಸಿ. ತಣ್ಣನೆಯ ಗಟ್ಟಿ ಸೋಯಾ ಹಾಲಿನಲ್ಲಿ ಗೋಧಿ ಶಾವಿಗೆ. ಸಪ್ಪೆ ಅನ್ನಿಸುತ್ತದೆ, ಉಪ್ಪು ನೀವೇ ಹಾಕಿಕೊಳ್ಳಬೇಕು. ನಮ್ಮಮ್ಮನಿಗೆ ಇಷ್ಟವಾಗಿತ್ತು, ನನಗೆ ಅಷ್ಟಕ್ಕಷ್ಟೆ. ಮೇಲೆ ಬೇಯಿಸಿದ ಮೊಟ್ಟೆ ಇಡುವುದುಂಟು, ಬೇಡ ಅನ್ನಿ.

ಉತ್ತರ 3: ಮಾವನ ಮಾತು ಯಾರೂ ಆಡಲಿಲ್ಲವಲ್ಲ! ಅವರಿಗೆ ಡಾಕ್‌ಗಾಲ್ಬಿ. ಚುನ್‌ಚನ್ ಊರಿನದು. ಮೇಜಿನ ನಡುವೆ ಅಗಲವಾದ ಕಬ್ಬಿಣದ ಬಾಣಲೆ, ಅದರಲ್ಲಿ ಕೆಂಪು ಮಸಾಲೆ ಹಚ್ಚಿದ ಕೋಳಿ, ಎಲೆಕೋಸು, ಗೆಣಸು, ತೊಕ್ ಅನ್ನೋ ಅಕ್ಕಿ ಕಡುಬಿನ ತುಂಡು. ಹೋಟೆಲಿನವರೇ ಬಂದು ತಿರುವುತ್ತಾರೆ, ನೀವು ಸೌಟು ಹಿಡಿಯಬೇಡಿ. ಕೋಳಿ ಮುಗಿಯುತ್ತಾ ಬಂದಾಗ ಅನ್ನ ಹೇಳಿ. ತಳದ ಮಸಾಲೆಯಲ್ಲೇ ಅನ್ನ, ಕಡಲಪಾಚಿಯ ಚೂರು ಹಾಕಿ ಹುರಿದು ಬಾಣಲೆಗೆ ಒತ್ತುತ್ತಾರೆ. ಅಂಚು ಗರಿಗರಿಯಾಗುವವರೆಗೆ ಕಾಯಬೇಕು. ಕೋಳಿಗಿಂತ ಅದೇ ಚೆನ್ನ. ಸಾಮಾನ್ಯವಾಗಿ ಕನಿಷ್ಠ 2 ಪಾಲು ಆರ್ಡರ್ ಮಾಡಲೇಬೇಕು. ನೀವು, ಮಾವ ಹಂಚಿಕೊಳ್ಳಿ.

ಅತ್ತೆಯನ್ನು ಮಾತ್ರ ಹಂದಿ ಸುಡುವ ಹೋಟೆಲಿಗೆ ‘ಸುಮ್ನೆ ಕೂತಿರಿ’ ಅಂತ ಕರೆದುಕೊಂಡು ಹೋಗಬೇಡಿ. ಸೀರೆಗೆಲ್ಲ ಹೊಗೆಯ ವಾಸನೆ ಹಿಡಿಯುತ್ತದೆ.

ಉತ್ತರ 4: ಚಮಚ, ಊಟದ ಕಡ್ಡಿ (ಚಾಪ್‌ಸ್ಟಿಕ್) ಕಾಣದಿದ್ದರೆ ಮೇಜಿನ ಬದಿಯ ಡ್ರಾಯರ್ ಎಳೆದು ನೋಡಿ. ಕಡ್ಡಿ ಸ್ಟೀಲಿನದು, ಜಾರುತ್ತದೆ. ಅನ್ನವನ್ನು ಅವರೂ ಚಮಚದಲ್ಲೇ ತಿನ್ನುತ್ತಾರೆ, ಹಾಗಾಗಿ ಹಿರಿಯರಿಗೆ ಒದ್ದಾಟವಿಲ್ಲ. ಅನ್ನದ ಬಟ್ಟಲೂ ಸ್ಟೀಲೇ, ಮುಚ್ಚಳ ಸುಡುತ್ತದೆ, ಜೋಪಾನ. ಬಟ್ಟಲನ್ನು ಕೈಗೆತ್ತಿಕೊಂಡು ತಿನ್ನುವ ರೂಢಿ ಅಲ್ಲಿಲ್ಲ. ಪುಟ್ಟ ಪುಟ್ಟ ತಟ್ಟೆಗಳಲ್ಲಿ ನಂಚಿಕೊಳ್ಳಲು ಕೊಡುವ ಬಾನ್‌ಚಾನ್‌ಗೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಿ. ಕರೆಯೋಕೆ ಮೇಜಿನ ಮೇಲೆ ಬೆಲ್ ಇರುತ್ತದೆ. ಬಿಲ್ಲು ಬಾಗಿಲ ಹತ್ತಿರದ ಕೌಂಟರಿನಲ್ಲಿ ಕಟ್ಟಿ. ಮಾವ ಟಿಪ್ಸ್ ಇಡೋಕೆ ಹೋದರೆ ತಡೆಯಿರಿ, ಅಲ್ಲಿ ಆ ಪದ್ಧತಿಯಿಲ್ಲ.