ಪದಚರ್ಚೆ: ಸ್ಲೋ ರಿಲೀಸ್ ಗೊಬ್ಬರಕ್ಕೆ ಕನ್ನಡದಲ್ಲಿ ಏನನ್ನೋಣ?

> ಕುಂಡದಲ್ಲಿ ಬೆಳೆಸುವ ಹಣ್ಣಿನ ಗಿಡಗಳಿಗೆ ಯಾವ ಗೊಬ್ಬರ ಅನ್ನುವ ಕೈಪಿಡಿ ಅನುವಾದಿಸುತ್ತಿದ್ದೇನೆ. ‘ಸ್ಲೋ ರಿಲೀಸ್’ಗೆ ‘ಮಂದವಿಮೋಚಕ ರಸಗೊಬ್ಬರ’ ನಡೆಯುತ್ತಾ? ಸಂಜೆಯೊಳಗೆ ಬೇಕು.

ನಡೆಯಲ್ಲ. ವಿಮೋಚನೆ ಕೈದಿಗಳಿಗೆ ಇರಲಿ. ‘ಜಿನುಗು ಗೊಬ್ಬರ’ ಅನ್ನಿ.

ಮೇಲೆ ಒಬ್ಬರು ‘ನಿಧಾನವಾಗಿ ಕರಗುವ ಗೊಬ್ಬರ’ ಅಂದಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಸ್ಲೋ ರಿಲೀಸ್ ಗೊಬ್ಬರದ ಕಾಳಿಗೆ ಸಾಮಾನ್ಯವಾಗಿ ಪಾಲಿಮರ್ (ಪ್ಲಾಸ್ಟಿಕ್ಕಿನಂಥ) ಲೇಪನ ಇರುತ್ತದೆ. ನೀರು ಒಳಗಿಳಿದು ಪೋಷಕಾಂಶ ಚೂರುಚೂರೇ ಹೊರಗೆ ಜಿನುಗುತ್ತದೆ, ಮಣ್ಣು ಬಿಸಿಯಾದಷ್ಟೂ ಬೇಗ. ಎಲ್ಲ ಮುಗಿದ ಮೇಲೂ ಸಿಪ್ಪೆ ಹಾಗೇ ದುಂಡಗೆ ಕೂತಿರುತ್ತದೆ, ಚಿವುಟಿದರೆ ಪಿಚಕ್ ಅಂತ ಬರೀ ನೀರು. ‘ಕರಗುವ’ ಅಂತ ಓದಿದವರು ಕಾಳು ನೋಡಿ ಗೊಬ್ಬರ ಇನ್ನೂ ಇದೆ ಅಂದುಕೊಂಡು ಗಿಡವನ್ನು ಉಪವಾಸ ಕೆಡವುತ್ತಾರೆ. ಹಿಂಡಿ, ಮೂಳೆಪುಡಿಯ ಮಾತಾದರೆ ‘ನಿಧಾನ ಗೊಬ್ಬರ’ ಸಾಕು.

> ರಸಗೊಬ್ಬರ ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳ ಬೆರಕೆ), ಕೈಬಿಡಿ.

ಹಾಗಾದರೆ ಮಳೆಗಾಲ, ಚಳಿಗಾಲವನ್ನೂ ಕೈಬಿಡಿ, ನೋಡೋಣ. ನನ್ನ ತಕರಾರು ಬೇರೆ. ‘ರಸ’ ಅಂದ ಕೂಡಲೇ ಹೊಸಬರು ನೀರಾಗಿರುವ ಗೊಬ್ಬರ ಅಂದುಕೊಳ್ಳುತ್ತಾರೆ. ಕುಂಡದ ವಿಷಯದಲ್ಲಿ ಅದು ಸಣ್ಣ ತಪ್ಪಲ್ಲ. ದ್ರವ ಗೊಬ್ಬರ ನೀರು ಹಾಕಿದಾಗಲೆಲ್ಲ ತಳದ ತೂತಿನಿಂದ ತೊಳೆದು ಹೋಗುತ್ತದೆ, ಹಾಗಾಗಿ ತೆಳುವಾಗಿ ಪದೇಪದೇ ಕೊಡಬೇಕು. ಕಾಳಿಗೆ ಆ ಲೆಕ್ಕ ಹಿಡಿದರೆ ಉಪ್ಪು ಜಾಸ್ತಿಯಾಗಿ ಎಲೆಯ ತುದಿ ಸುಡುತ್ತದೆ.

> ಪೊಟ್ಯಾಶ್ ಪರಕೀಯ. ‘ಬೂದಿಸತ್ವ’ ಅನ್ನಬಹುದು.

ಸುಮ್ನೆ ಬಿಡಿ ಸಾರ್. ಪೊಟ್ಯಾಶ್ ಅನ್ನುವುದೇ ಡಚ್ಚರ ‘ಗಡಿಗೆ ಬೂದಿ’. ಸೌದೆಬೂದಿ ನೆನೆಸಿದ ನೀರನ್ನು ಗಡಿಗೆಯಲ್ಲಿ ಬತ್ತಿಸುತ್ತಿದ್ದರು, ಹೆಸರು ಅಲ್ಲಿಂದ ಬಂತು. ನೀವು ‘ಬೂದಿ’ ಅಂತ ಬರೆದರೆ ಯಾರಾದರೂ ಒಲೆಬೂದಿಯನ್ನೇ ತಂದು ನಿಂಬೆಕುಂಡಕ್ಕೆ ಸುರಿಯುತ್ತಾರೆ. ಬೂದಿ ಕ್ಷಾರ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ, ನರ ಹಸಿರಾಗೇ ಉಳಿದು ಚಿಗುರೆಲೆ ಹಳದಿಯಾಗುತ್ತದೆ. ಚೀಲದ ಮೇಲೆ ಪೊಟ್ಯಾಶ್ ಅಂತಲೇ ಇದೆ. ಕೈಪಿಡಿಯಲ್ಲೂ ಅದೇ ಇರಲಿ.

ಕೇಳಿದವರಿಗೆ ಇನ್ನೊಂದು ಮಾತು. ಮೂಲದಲ್ಲಿ ‘ಪೊಟ್ಯಾಸಿಯಂ’ ಇರುವ ಕಡೆ ಕಣ್ಣುಮುಚ್ಚಿ ‘ಪೊಟ್ಯಾಶ್’ ಹಾಕಬೇಡಿ. ಚೀಲದ ಮೇಲಿನ ಮೂರು ಅಂಕಿಗಳಲ್ಲಿ (ಸಾರಜನಕ, ರಂಜಕ, ಪೊಟ್ಯಾಶ್) ಮೂರನೆಯದು ಸಾಮಾನ್ಯವಾಗಿ ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕ, ಪೊಟ್ಯಾಸಿಯಂ ಅದರಲ್ಲಿ ಸುಮಾರು ಶೇ. 83 ಮಾತ್ರ. ಪದ ಬದಲಾದರೆ ಅಳತೆಯೂ ಬದಲಾಗುತ್ತದೆ.